ಅಪ್ಪಾಜಿ ಹಿಡಿದಿದ್ದ ಉತ್ತರದ ಹಾಳೆ

ಪೈಲಟ್ ಪರೀಕ್ಷೆಗೆ ಹೇಗೆ ಓದಬೇಕು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಹೇಗೆ ಓದಬಾರದು ಎಂದು ಕೇಳಿ, ಗಂಟೆಗಟ್ಟಲೆ ಹೇಳುತ್ತೇನೆ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಹಾರಾಟದ ತರಬೇತಿಯನ್ನು ಬೆಂಗಳೂರಿನಲ್ಲಿ ಅರ್ಧ ಮುಗಿಸಿ, ಥಿಯರಿ ಓದಲು ಮೈಸೂರಿನ ಮನೆಗೆ ಬಂದಿದ್ದೆ. ಉಳಿದ ಪೇಪರುಗಳೆಲ್ಲ ಪಾಸು. ನ್ಯಾವಿಗೇಷನ್, ಅಂದರೆ ಆಕಾಶದಲ್ಲಿ ದಾರಿ ಲೆಕ್ಕ ಹಾಕುವ ಪೇಪರು ಮಾತ್ರ ಎರಡು ಸಲ ಕೈಕೊಟ್ಟಿತ್ತು. ಈ ಸಲವೂ ಹೋದರೆ ಪಾಸಾದವುಗಳ ಅವಧಿಯೂ ಮುಗಿದು ಎಲ್ಲವನ್ನೂ ಮೊದಲಿಂದ ಬರೆಯಬೇಕು. ಅಲ್ಲಿಗೆ ನನ್ನ ಹಾರಾಟಕ್ಕೆ ಮಂಗಳ ಹಾಡಿದಂತೆಯೇ.

ಅಪ್ಪಾಜಿಗೆ ದೇವರಾಜ ಮೊಹಲ್ಲಾದಲ್ಲಿ ವಿಭೂತಿ, ಕರ್ಪೂರ, ಸಾಂಬ್ರಾಣಿಯ ಅಂಗಡಿ. ಮಠದ ಹಾಸ್ಟೆಲಿನಲ್ಲಿದ್ದು ಐದನೇ ಕ್ಲಾಸಿನವರೆಗೆ ಓದಿದವರು. ಇಂಗ್ಲಿಷಿನಲ್ಲಿ ಎ, ಬಿ, ಸಿ, ಡಿ ಗುರುತು ಹಿಡಿಯುತ್ತಿದ್ದರು, ಅಷ್ಟೇ. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕುವ ನನ್ನ ಪರೀಕ್ಷೆಗೆ ಅಷ್ಟು ಸಾಕು ಎಂದುಕೊಂಡವಳು ನಾನು, ಮಹಾ ಬುದ್ಧಿವಂತೆ! ಸೀನಿಯರುಗಳಿಂದ ಕೈಯಿಂದ ಕೈಗೆ ಬಂದಿದ್ದ ಹಳೇ ಪ್ರಶ್ನೆಗಳ ಜೆರಾಕ್ಸ್ ಕಟ್ಟು ನನ್ನ ತೊಡೆಯ ಮೇಲೆ, ಉತ್ತರದ ಹಾಳೆ ಅಪ್ಪಾಜಿಯ ಕೈಯಲ್ಲಿ. ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆ ನಾನು ಸಾಂಬ್ರಾಣಿ ಮೂಟೆಯ ಮೇಲೆ ಕೂರುತ್ತಿದ್ದೆ, ಅವರು ನಂಬರು ಕೂಗುತ್ತಿದ್ದರು.

"ನೂರಾ ಹದಿನೇಳು?"

"ಸಿ."

"ಸರಿ. ಇನ್ನೂರಾ ನಾಲ್ಕು?"

"ಎ."

ಮೊದಮೊದಲು ಪ್ರಶ್ನೆ ಓದಿ ಹೇಳುತ್ತಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಕಟ್ಟು ಬಿಚ್ಚುವುದೇ ಬೇಡವಾಯಿತು. ಪ್ರಶ್ನೆಯ ಮೊದಲ ಸಾಲು ಎಲ್ಲಿ ಕಂಡರೂ ನಂಬರು ನೆನಪಾಗುತ್ತಿತ್ತು, ನಂಬರಿನಿಂದ ಅಕ್ಷರ. ಎದುರಂಗಡಿಯ ಅರಿಶಿನ ಕುಂಕುಮದವರು ಕಾಫಿ ಕುಡಿಯುತ್ತ ನಿಂತು, "ಏನ್ರೀ ನಿಮ್ಮ ಮಗಳು, ಟಕಟಕ ಅಂತಾಳಲ್ಲ!" ಎನ್ನುವರು. ಅಪ್ಪಾಜಿ ಹಿಗ್ಗಿ ಹೀರೇಕಾಯಿಯಾಗುವರು.

ಒಂದು ದಿನ ಅವರು ಹಾಳೆ ಕೆಳಗಿಟ್ಟರು. "ಬರೀ ಎ, ಬಿ ಅಂದ್ರೆ ಎಂಗೆ ಮಗಳೇ? ಗಾಳಿ ಅಡ್ಡ ಹೊಡುದ್ರೆ ವಿಮಾನ ಎತ್ಲಾಗೆ ತಿರುಗುಸ್ತೀಯ, ಎಷ್ಟು ತಿರುಗುಸ್ತೀಯ? ಕನ್ನಡದಲ್ಲಿ ಹೇಳು, ನಾನೂ ಕೇಳ್ತೀನಿ."

"ನಿಮ್ಗೆ ಅದೆಲ್ಲ ಅರ್ಥ ಆಗಲ್ಲ ಬುಡಿ ಅಪ್ಪಾಜಿ. ನಂಬರ್ ಕೇಳಿ, ಸಾಕು."

ನಿಜ ಹೇಳಲೇ? ಅರ್ಥವಾಗದೇ ಇದ್ದದ್ದು ನನಗೆ. ಅವರು ಮತ್ತೆ ಹಾಳೆ ಎತ್ತಿಕೊಂಡರು.

ಪರೀಕ್ಷೆಯಲ್ಲಿ ಬಹುಪಾಲು ಅವೇ ಪ್ರಶ್ನೆಗಳು ಬಂದಿದ್ದವು. ಉತ್ತರಗಳ ಜಾಗ ಮಾತ್ರ ಅದಲುಬದಲು, ಲೆಕ್ಕಗಳ ಅಂಕೆಗಳೂ ಬೇರೆ. ತಲೆಯೊಳಗೆ ಸಿ, ಸಿ ಎಂದು ಹೊಡೆದುಕೊಳ್ಳುತ್ತಿತ್ತು, ಎದುರಿಗಿದ್ದ ಸಿ ಬೇರೆ ಏನೋ ಆಗಿತ್ತು. ಗಾಳಿ ಅಡ್ಡ ಹೊಡೆಯುವ ಲೆಕ್ಕಗಳೇ ಆರೇಳು ಇದ್ದವು. ಒಂದೂ ಬರಲಿಲ್ಲ.

ಫೇಲಾದ ಕಾಗದ ಅಂಗಡಿಯ ವಿಳಾಸಕ್ಕೇ ಬಂತು. ಎದುರಂಗಡಿಯವರು ಅಲ್ಲೇ ನಿಂತಿದ್ದರು. ಅವರ ಮುಂದೆ ನನ್ನ ಮಾನ ಉಳಿಯಬೇಕಿತ್ತಲ್ಲ, "ಇಂಗ್ಲಿಷ್ ಬರದೋರಿಗೆ ಪಾಠ ಒಪ್ಪಿಸಿದ್ರೆ ಇನ್ನೇನಾಗುತ್ತೆ? ನಿಮ್ಮಿಂದ್ಲೇ ಹಾಳಾಯ್ತು!" ಎಂದು ಕೂಗಿದೆ. ನನ್ನ ನಾಲಿಗೆಗೆ ಬೆಂಕಿ ಬೀಳ. "ಗಾಳಿಯ ಲೆಕ್ಕ ನಾನು ಅವತ್ತೇ ಕೇಳಿರಲಿಲ್ಲವೇನೇ?" ಎಂದು ಅಪ್ಪಾಜಿ ತಿರುಗಿಬೀಳಬಹುದಿತ್ತು. "ಹೂಂ ಕಣಮ್ಮ, ನಂದೇ ತಪ್ಪು" ಎಂದರು. ಅದನ್ನು ನಂಬಿಯೂ ಬಿಟ್ಟರು.

ಮತ್ತೆ ನಾನು ಪರೀಕ್ಷೆ ಕಟ್ಟಲಿಲ್ಲ. ಕಡಕೊಳದ ಕಾರ್ಖಾನೆಯೊಂದರ ಆಫೀಸಿಗೆ ಸೇರಿಕೊಂಡೆ. ಭಾನುವಾರ ಅಂಗಡಿಗೆ ಹೋದಾಗ ಯಾರಾದರೂ ಹಳೇ ಗಿರಾಕಿ, "ಮಗಳು ವಿಮಾನ ಓಡಿಸ್ತಾಳೆ ಅಂತಿದ್ರಲ್ಲ, ಏನಾಯ್ತು?" ಎಂದು ಕೇಳುವರು. ಅಪ್ಪಾಜಿ ವಿಭೂತಿ ಗಟ್ಟಿಯನ್ನು ಕಾಗದದಲ್ಲಿ ಸುತ್ತುತ್ತಲೇ, "ಅವಳು ಚೆನ್ನಾಗೇ ಓದಿದ್ಲು ಕಣ್ರೀ. ನಂಗೆ ಇಂಗ್ಲಿಷ್ ಬರಲ್ಲ ನೋಡಿ, ತಪ್ಪುತಪ್ಪಾಗಿ ಕೇಳಿ ನಾನೇ ಕೆಡಿಸ್ಬುಟ್ಟೆ" ಎನ್ನುವರು.

ಸಾಯುವ ವರ್ಷದವರೆಗೂ ಅವರು ಎಷ್ಟೋ ಜನಕ್ಕೆ ಹೀಗೆಯೇ ಹೇಳಿದರು. ಎಷ್ಟೋ ಸಲ ನಾನು ಅಲ್ಲೇ, ಅದೇ ಮೂಟೆಯ ಮೇಲೆ ಕೂತಿದ್ದೆ. ಅಲ್ಲ ಅಪ್ಪಾಜಿ ಎನ್ನಲು ಒಂದು ಸಲವೂ ನನಗೆ ಬಾಯಿ ಬರಲಿಲ್ಲ.