ವೆಬ್‌ಸೈಟಿಗೊಂದು ಮುಖ

ಕತ್ತರಿ ಅಕ್ಕನ ಗಿರಾಕಿಗಳು ಬೇರೆ ಅಂಗಡಿ ಹುಡುಕಿಕೊಂಡು ಹೋಗುವವರಲ್ಲ. ಹೋದರೆ ಒಂದೇ ಸಲ ಹೋಗುವವರು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಕೂದಲು ಕತ್ತರಿಸುವುದು ಅವಳ ಕಸುಬು. ದಿಂಬಿಗೆ ಒತ್ತಿ ಒತ್ತಿ ಹಿಂದಲೆಯ ಕೂದಲು ಕಂಬಳಿಯ ಹಾಗೆ ಗಂಟುಗಟ್ಟಿರುತ್ತದೆ. ಎಳೆದರೆ ನೋವು, ಬಿಟ್ಟರೆ ಹುಣ್ಣು. ಅಕ್ಕ ಎಡ ಅಂಗೈಯಲ್ಲಿ ತಲೆ ಎತ್ತಿ ಹಿಡಿದು, ಬೆಚ್ಚನೆ ನೀರು ಚಿಮುಕಿಸಿ, ಅರ್ಧ ತಲೆ ಮುಗಿಸಿ, ಅವರಿಗೊಂದಿಷ್ಟು ಸುಧಾರಿಸಿಕೊಳ್ಳಲು ಬಿಟ್ಟು ಇನ್ನರ್ಧಕ್ಕೆ ಕೈಹಾಕುತ್ತಾಳೆ. ಇಂಥ ಕೈಗೆ ಜನ ಸಾಲುಗಟ್ಟಬೇಕಿತ್ತು. ಆದರೆ ಹಳಬರು ಒಬ್ಬೊಬ್ಬರೇ ಕಣ್ಮುಚ್ಚಿದರು, ಹೊಸಬರು ಬರಲಿಲ್ಲ. ಅಕ್ಕ ಫೋನು ಎದುರಿಗಿಟ್ಟುಕೊಂಡು ನೊಣ ಹೊಡೆಯುತ್ತ ಕೂತಳು.

ಗಂಡನ ಅಣ್ಣ, ಅಂದರೆ ಭಾವ, ತನ್ನ ರಟ್ಟಿನ ಡಬ್ಬದ ಶೆಡ್ಡಿನಲ್ಲಿ ಕೆಲಸ ಖಾಲಿ ಇದೆ ಎಂದು ಹೇಳಿಕಳಿಸಿದ್ದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೂ ಕತ್ತರಿ ಬಿಟ್ಟು ಅಂಟಿನ ಟೇಪು ಹಿಡಿಯಲು ಅವಳಿಗೆ ಮನಸ್ಸು ಬರಲಿಲ್ಲ.

ಕೊನೆಯ ಪ್ರಯತ್ನವೆಂದು ತಂಗಿ ಒಂದು ವೆಬ್‌ಸೈಟು ಮಾಡಿಕೊಟ್ಟಳು. ಅದರ ನೆತ್ತಿಯ ಮೇಲೆ ಎಲ್ಲಿಂದಲೋ ಎತ್ತಿಕೊಂಡ ಚಿತ್ರ: ಗಾಳಿಗೆ ಕೂದಲು ಹಾರಿಸಿಕೊಂಡು ನಗುವ ಹದಿಹರೆಯದ ಹುಡುಗಿ. ಕೆಳಗೆ, ‘ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಕ್ಷೌರ’. ಅವಳನ್ನು ನೋಡಿ ಯಾರು ತಾನೇ ಲಕ್ವ ಹೊಡೆದ ಮಾವನನ್ನು ನೆನೆದಾರು? ಜನ ಬಂದರು, ನೋಡಿದರು, ಹೋದರು. ನಂಬಿಕೆ ಬರಬೇಕಾದರೆ ನಿಜವಾದ ಗಿರಾಕಿಯ ಮುಖವೇ ಬೇಕು ಎಂದು ತಂಗಿ ಪಟ್ಟುಹಿಡಿದಳು.

ಅಕ್ಕ ಮನೆಮನೆಯಲ್ಲೂ ಕೇಳಿದಳು. ‘ನೀವು ಬಂದಿದ್ದು ನಮ್ಮ ಪುಣ್ಯ’ ಎಂದು ಕೈಹಿಡಿದುಕೊಳ್ಳುತ್ತಿದ್ದ ಸೊಸೆ, ಫೋಟೋ ಎಂದ ಕೂಡಲೇ ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದಳು. ಇನ್ನೊಬ್ಬರು ಗೋಡೆಯ ಮೇಲಿನ ಮದುವೆ ಫೋಟೋ ತೋರಿಸಿ ಇದೇ ಸಾಕಲ್ಲ ಎಂದರು. ಹೊಗಳಿಕೆಯೆಲ್ಲ ಹೊಸ್ತಿಲ ಒಳಗೆ. ದಾಟಿದರೆ ನೀನ್ಯಾರೋ ನಾನ್ಯಾರೋ. ಊರ ಬಾಯಿಗೆ ಹೆದರುವವರ ಮುಂದೆ ಕತ್ತರಿಯೇನು, ಕತ್ತಿಯೂ ಮೊಂಡೇ.

ಉಳಿದದ್ದು ಟಿಕೆಟ್ ಅಜ್ಜಿಯ ಮನೆ. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಆಯಸ್ಸು ಸವೆಸಿದ ಹೆಂಗಸು. ಈಗ ಕೈಕಾಲು ಬಿದ್ದುಹೋಗಿವೆ, ನಾಲಿಗೆ ಮಾತ್ರ ಗಟ್ಟಿ. ವಿಷಯ ಬಾಯಿಂದ ಬೀಳುತ್ತಲೇ ಅಜ್ಜಿ ಒಪ್ಪಿಬಿಟ್ಟಳು. ಮಗ ಒಪ್ಪಲಿಲ್ಲ. ಅಮ್ಮನನ್ನು ಜನ ಮೊದಲಿದ್ದ ಹಾಗೇ ನೆನಪಿಟ್ಟುಕೊಳ್ಳಲಿ, ಈ ಸ್ಥಿತಿಯಲ್ಲಿ ಬೇಡ ಎಂದ. ಅವನೇನು ಕಟುಕನಲ್ಲ, ಅಮ್ಮನಿಗೆ ಉಣಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲ ಅವನದೇ.

ಅಜ್ಜಿ ಅವನನ್ನೇ ನೋಡಿದಳು. “ಊರೋರೆಲ್ಲ ನೋಡಿದ ಮುಖ ಕಣೋ ಇದು. ನೀನು ಮಾಡೋ ಸೇವೆ ಯಾವ ಮಗಾನೂ ಮಾಡಲ್ಲ, ಇಲ್ಲ ಅನ್ನಲ್ಲ. ಆದ್ರೆ ಯಾರಾದ್ರೂ ಬಂದ ತಕ್ಷಣ ಈ ಬಾಗ್ಲು ಯಾಕೆ ಎಳ್ಕೋತೀಯ?”

ಮಗ ಹೋಗಿ ಕಿಟಕಿಯ ಪರದೆ ಸರಿಸಿದ. ಕ್ಷೌರ ಮುಗಿದ ಮೇಲೆ ಫೋಟೋ ತೆಗೆದವನೂ ಅವನೇ. ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ಹಿಡಿಸಿಕೊಂಡು ನೋಡಿದಳು. “ಇಷ್ಟೇನಾ? ನೀನು ಬಚ್ಚಿಡೋದು ನೋಡಿ ನಾನಿನ್ನೂ ಏನೋ ಆಗಿದೀನಿ ಅಂದ್ಕೊಂಡಿದ್ದೆ.”

ಹಾರುವ ಕೂದಲಿನ ಹುಡುಗಿ ಹೋಗಿ ಅಜ್ಜಿ ಬಂದಳು. ಮರುದಿನದಿಂದ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳತೊಡಗಿತು. ಆದರೆ ಕ್ಷೌರದ ಸುದ್ದಿ ಒಬ್ಬರೂ ಎತ್ತಲಿಲ್ಲ. ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದವರು ಇವರೇ ಅಲ್ಲವೇ, ಇನ್ನೂ ಇದ್ದಾರೆಯೇ, ಮನೆ ಎಲ್ಲಿ, ಬರಬಹುದೇ ಎಂದು ಕೇಳುವವರೇ ಎಲ್ಲ. ಮಗನನ್ನು ಕೇಳಿ ಅಕ್ಕ ವಿಳಾಸ ಕೊಡುತ್ತ ಹೋದಳು. ಆ ಮನೆಯಲ್ಲಿ ಕುರ್ಚಿ ಸಾಲದಾಯಿತು. ಅಜ್ಜಿಯ ಭಾಗ್ಯಕ್ಕೆ ಅಕ್ಕನಿಗೆ ನಿಜವಾಗಿಯೂ ಸಂತೋಷವಾಯಿತು, ತನ್ನ ಭಾಗ್ಯಕ್ಕೆ ಅಳುವೂ ಬಂತು. ಮದುವೆ ಯಾರದೋ, ಓಡಾಟ ತನ್ನದು. ಶೆಡ್ಡಿಗೆ ಬರುತ್ತೇನೆಂದು ಭಾವನಿಗೆ ಹೇಳಿಬಿಟ್ಟಳು.

ಅಜ್ಜಿಗೆ ಇನ್ನೊಮ್ಮೆ ಕೂದಲು ಕತ್ತರಿಸಿಯೇ ಹೋಗೋಣವೆಂದು ಬಂದ ದಿನ, ನೋಡಲು ಬಂದವರಲ್ಲಿ ಒಬ್ಬ ಮುದುಕ ಒಂದು ಮೂಲೆಯಲ್ಲಿ ಕೂತಿದ್ದ. ಹಿಂದೆ ಅದೇ ನಿಲ್ದಾಣದಲ್ಲಿ ಬಸ್ ಓಡಿಸುತ್ತಿದ್ದವನಂತೆ. ಅಜ್ಜಿಯ ಮುಖವನ್ನು ಬಿಟ್ಟು, ತಲೆ ಎತ್ತಿ ಹಿಡಿದಿದ್ದ ಅಕ್ಕನ ಎಡಗೈಯನ್ನೇ ನೋಡುತ್ತಿದ್ದ. ಅಕ್ಕ ಚೀಲ ಹೆಗಲಿಗೇರಿಸಿ ಹೊರಟಾಗ ಮೆಟ್ಟಿಲ ತನಕ ಹಿಂದೆಯೇ ಬಂದ.

“ನಮ್ಮನೇಲೂ ಒಬ್ರಿದಾರೆ,” ಎಂದ. “ನನ್ನ ಹೆಂಡ್ತಿ. ಮಗಳ ಮನೇಲಿದಾಳೆ ಅಂತ ಎಲ್ಲರಿಗೂ ಹೇಳ್ಕೊಂಡ್ ಬಂದಿದೀನಿ.”

ಅಕ್ಕ ಕೂದಲು ಉದ್ದವೋ ಗಿಡ್ಡವೋ ಎಂದಷ್ಟೇ ಕೇಳಿದಳು.

“ಉದ್ದ. ನಾನೇ ಬಾಚ್ತೀನಿ,” ಎಂದ. “ಸರಿಯಾಗಿ ಬರಲ್ಲಮ್ಮ ನಂಗೆ. ಅವಳಿಗೆ ನೋವಾಗತ್ತೆ.”

ಅಕ್ಕ ಅವನ ಜೊತೆಯೇ ರಸ್ತೆಗಿಳಿದಳು.