ಮೈಲಿಗೆಯಿಲ್ಲದ ಕಂಬಳಿ

ಶೇಖಮ್ಮನನ್ನು ಕೂಸು ತಿಂದವಳು ಎನ್ನುವವರು ನಮ್ಮೂರಲ್ಲಿ ಇವತ್ತಿಗೂ ಇದ್ದಾರೆ. ಅವರ ಬಾಯಿಗೆ ಮಣ್ಣು ಹಾಕ.

ನಮ್ಮೂರು ಮಕ್ತಲ್ ಹತ್ತಿರದ ಕುರುಬರ ಊರು. ನಮ್ಮ ದೇವರು ಬೀರಪ್ಪನ ಪದ ಕಟ್ಟಿದ ಮೊಗುಲಪ್ಪಜ್ಜ ಇಲ್ಲೇ ಕುರಿ ಕಾಯುತ್ತಿದ್ದವನು. ಆತ ತೀರಿಕೊಂಡ ಮೇಲೆ ಆತನ ಮನೆಯಲ್ಲಿ ಊರವರು ಯಾರನ್ನೂ ಇರಗೊಡಲಿಲ್ಲ. ಗೂಟದಲ್ಲಿ ಡೊಳ್ಳು, ಮೂಲೆಯಲ್ಲಿ ಕೋಲು, ಕಟ್ಟೆಯ ಮೇಲೆ ಕರಿಯ ಕಂಬಳಿ, ಎಲ್ಲವನ್ನೂ ಆತ ಬಿಟ್ಟುಹೋದಂತೆಯೇ ಇಟ್ಟರು. ಸೀರೆ ವ್ಯಾಪಾರಕ್ಕೆ ನಾರಾಯಣಪೇಟೆಯಿಂದ ಬಂದವರೂ ಚಪ್ಪಲಿ ಕಳಚಿ ಒಳಗೆ ಹೋಗಿ ನೋಡಿ ಬರುತ್ತಿದ್ದರು. ಕಸ ಗುಡಿಸಿ ಸಾರಿಸಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಯುತ್ತಿದ್ದವಳು ಆ ವಂಶದ ಸೊಸೆ, ಗಂಡ ಸತ್ತ ಶೇಖಮ್ಮ.

ದೀಪಾವಳಿಗೆ ಆ ಮನೆ ತುಂಬ ದೀಪ. ಆ ವರ್ಷ ಹುಟ್ಟಿದ ಕೂಸುಗಳನ್ನು ಅಜ್ಜನ ಕಂಬಳಿಯ ಮೇಲೆ ಮಲಗಿಸಿ, ಪದ ಹಾಡಿ, ಹೆಸರು ಕರೆಯುತ್ತಿದ್ದರು. ಹಾಗೆ ಹೆಸರಿಟ್ಟ ಕೂಸು ಗಟ್ಟಿಯಾಗಿ ನಿಲ್ಲುತ್ತದೆಂಬ ನಂಬಿಕೆ. ಶೇಖಮ್ಮನ ಮಗಳು ಪೆಂಟಮ್ಮ ಹೆತ್ತ ಕೂಸುಗಳೆಲ್ಲ ಹೆಸರು ಕಾಣುವ ಮೊದಲೇ ಮಣ್ಣು ಸೇರಿದ್ದವು. ಕಡೆಗೊಂದು ಗಂಡುಕೂಸು ದಸರೆ ದಾಟಿ ಕಿಲಕಿಲ ನಗತೊಡಗಿತು. ಇದನ್ನು ಹೇಗಾದರೂ ಕಂಬಳಿಗೆ ಹಾಕಿ ಉಳಿಸಿಕೊಳ್ಳಬೇಕು ಎಂಬುದೊಂದೇ ಅಜ್ಜಿಯ ಚಿಂತೆ.

ಅಷ್ಟರಲ್ಲಿ ಊರಲ್ಲಿ ಇಲಿ ಸತ್ತು ಬಿದ್ದವು. ಪಿಳೇಗು. ನಿಜಾಮ ಸರಕಾರದ ಜವಾನರು ಬಂದು ಡಂಗುರ ಹೊಡೆಸಿದರು: ಎಲ್ಲರೂ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು, ಮನೆಯೊಳಗಿನ ಬಟ್ಟೆಬರೆ, ಕಾಳುಕಡಿ ಏನೂ ತರಕೂಡದು. ಶೇಖಮ್ಮ ಚಾಚೂ ತಪ್ಪದೆ ಉಟ್ಟ ಸೀರೆಯಲ್ಲೇ ಹೊರಟಳು. ಜೋಳದ ಗಡಿಗೆಯನ್ನೂ ಮುಟ್ಟಲಿಲ್ಲ.

ದೀಪಾವಳಿಯ ಬೆಳಿಗ್ಗೆ ಮಾತ್ರ ಬೀಗದ ಕೈ ಹಿಡಿದು ಊರ ಕಡೆ ಹೊರಟು ನಿಂತಳು.

“ಬ್ಯಾಡಬೇ ಎವ್ವಾ, ಏನೂ ತರಬ್ಯಾಡ ಅಂದಾರ,” ಎಂದಳು ಪೆಂಟಮ್ಮ.

“ಅರಿವಿ ತರಬ್ಯಾಡ ಅಂದಾರ. ಕಂಬಳಿಗೆಲ್ಲಿ ಮೈಲಿಗಿ ಐತಿ? ಹಾದಿ ಬಿಡು.”

ಇದು ಅವಳೊಬ್ಬಳ ಮಾತಲ್ಲ. ಉಣ್ಣೆಗೆ ಮೈಲಿಗೆ ಅಂಟುವುದಿಲ್ಲವೆಂದು ನಮ್ಮಲ್ಲಿ ಎಲ್ಲರೂ ನಂಬಿದವರೇ. ಸೂತಕದ ಮನೆಯಲ್ಲೂ ಉಳಿದ ಬಟ್ಟೆಯೆಲ್ಲ ಒಗೆದು ಕಂಬಳಿಯೊಂದನ್ನು ಹಾಗೇ ಬಿಡುತ್ತೇವೆ. ಶೇಖಮ್ಮ ಹೊಸ್ತಿಲ ಮೇಲೆ ಸತ್ತುಬಿದ್ದಿದ್ದ ಇಲಿಯನ್ನು ಕಡ್ಡಿಯಿಂದ ಆಚೆ ತಳ್ಳಿ, ಕಂಬಳಿಯನ್ನು ಚೆನ್ನಾಗಿ ಜಾಡಿಸಿ, ಹೆಗಲಿಗೆ ಹಾಕಿಕೊಂಡು ಬಂದಳು. ದಾರಿಯಲ್ಲಿ ಚಿಗಟ ಕಡಿದವು. ಕುರಿಯ ನಡುವೆ ಬಾಳಿದವಳಿಗೆ ಅದೇನು ಹೊಸದೇ?

ಕಂಬಳಿ ಕಂಡು ಗುಡಿಸಲುಗಳಿಗೆ ಜೀವ ಬಂತು. ಬೇರೆ ಬಾಣಂತಿಯರನ್ನು ರೋಗಕ್ಕೆ ಹೆದರಿ ತವರಿಗೆ ಕಳಿಸಿದ್ದರು. ಇದ್ದದ್ದು ಇದೊಂದೇ ಕೂಸು. ಹಿರಿಯ ಕಿಷ್ಟಪ್ಪ ತಾನೇ ಮುಂದೆ ಕೂತು ಪದ ಹಾಡಿದ. ಅಜ್ಜನ ಹೆಸರನ್ನೇ ಇಟ್ಟರು, ಮೊಗುಲಪ್ಪ. ಆವತ್ತು ಶೇಖಮ್ಮ ಕುಣಿದಳಂತೆ.

ವಾರ ಕಳೆಯುವುದರೊಳಗೆ ಕೂಸಿಗೆ ಜ್ವರ ಏರಿತು, ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತು. ಆ ಹೆಸರಿನಿಂದ ಅದನ್ನು ಯಾರೂ ಹೆಚ್ಚು ದಿನ ಕರೆಯಲಿಲ್ಲ. ಹಿಂದೆಯೇ ಪೆಂಟಮ್ಮನೂ ಹೋದಳು. ಶೇಖಮ್ಮನಿಗೂ ಜ್ವರ ಬಂತು, ಆದರೆ ಬಿಟ್ಟುಹೋಯಿತು.

“ಕಂಬಳಿ ತಪ್ಪಲ್ಲ,” ಎಂದ ಕಿಷ್ಟಪ್ಪ. “ಮುಂಡಿ ಕೈಲೆ ತಂದದ್ದು ತಪ್ಪು.” ಅದೇ ಕೈ ಅಷ್ಟು ವರ್ಷ ಆ ಮನೆ ಸಾರಿಸಿದ್ದು ಈ ದೊಡ್ಡ ಮನುಷ್ಯನಿಗೆ ಕಂಡಿರಲಿಲ್ಲ! ಬೀಗದ ಕೈ ಕಿತ್ತುಕೊಂಡರು.

ಮರುವರ್ಷ ಊರು ಮತ್ತೆ ತುಂಬಿತು. ದೀಪಾವಳಿಗೆ ಅದೇ ಮನೆಯಲ್ಲಿ ಅದೇ ಕಂಬಳಿ ಹಾಸಿದರು. ಶೇಖಮ್ಮ ಬಾಗಿಲಿಗೆ ಅಡ್ಡ ನಿಂತಳು. “ಬ್ಯಾಡ್ರೀ, ಕಾಲು ಬೀಳ್ತೀನ್ರೀ, ಸುಡ್ರಿ ಅದನ್ನ!” ಆಕೆಯನ್ನು ರಟ್ಟೆ ಹಿಡಿದು ಹೊರಗೆ ದಬ್ಬಿದರು.

ಪಿಳೇಗು ಆಗಲೇ ಹೋಗಿತ್ತು. ಆ ವರ್ಷದ ಕೂಸುಗಳೆಲ್ಲ ಬದುಕಿದವು. ಅಲ್ಲಿಗೆ ತಪ್ಪು ಅವಳದೇ ಎಂದು ಊರು ತೀರ್ಮಾನಿಸಿತು. ಕಡೆಕಡೆಗೆ, ಪಾಪ, ಅವಳೂ ನಂಬಿಬಿಟ್ಟಳು.

ಆ ಕೂಸುಗಳಲ್ಲಿ ನಾನೂ ಒಬ್ಬ. ನನಗೆ ಮೀಸೆ ಬಂದ ಮೇಲೂ, ಎದುರಾದಾಗಲೆಲ್ಲ ಮುದುಕಿ ದೂರದಲ್ಲೇ ನಿಂತು, ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡು ಕೇಳುತ್ತಿದ್ದಳು: “ಮೈ ಬಿಸಿ ಐತೇನೋ ಯಪ್ಪಾ? ನಿಮ್ಮವ್ವಗ ಮುಟ್ಟಿ ನೋಡಾಕ ಹೇಳು.”