ನಾಲ್ಕು ಮೂಲೆಯ ಬೆಂಚುಗಳು

ರೀನಾ ಸೋನ್ಸ್ ಹಿಂಜರಿಯುವ ಹೆಂಗಸಲ್ಲ. ಅಮೆರಿಕದ ಬಾಥೆಲ್‌ನ ಔಷಧ ಕಂಪನಿಯ ಲ್ಯಾಬಿನಿಂದ ಅವಳ ಸಹಿಯಿಲ್ಲದೆ ಒಂದು ಸೀಸೆಯೂ ಹೊರಗೆ ಹೋಗುವುದಿಲ್ಲ. ಮ್ಯಾನೇಜರು ಅವಸರ ಮಾಡಿದರೆ ಕಾಯಿರಿ ಎನ್ನುತ್ತಾಳೆ, ಅವನು ತೆಪ್ಪಗೆ ಕಾಯುತ್ತಾನೆ. ಇಂಥವಳು ವುಡಿನ್‌ವಿಲ್ ಗುಡ್ಡದ ಮೇಲಿನ ಹಳೆಯ ವೆಲ್ಷ್ ಚರ್ಚಿನಲ್ಲಿ ಮಾತ್ರ ಹತ್ತೊಂಬತ್ತು ವರ್ಷದಿಂದ ಬಾಗಿಲ ಬಳಿ, ಮಡಚುವ ಕುರ್ಚಿಯ ಮೇಲೆ ಕೂರುತ್ತಿದ್ದಳು.

ಅದಕ್ಕೆ ಕಾರಣ ಅಲ್ಲಿನ ಬೆಂಚುಗಳು. ಅವು ಪೀಠದ ಕಡೆಗೆ ಮುಖ ಮಾಡಿರಲಿಲ್ಲ, ನಾಲ್ಕು ಮೂಲೆಗಳಿಂದ ಒಂದನ್ನೊಂದು ದಿಟ್ಟಿಸುತ್ತಿದ್ದವು. ನೂರಮೂವತ್ತು ವರ್ಷದ ಹಿಂದೆ ಬ್ರಿಟನ್ನಿನ ವೇಲ್ಸ್‌ನ ಕಲ್ಲಿದ್ದಲ ಗಣಿ ಬಿಟ್ಟು ಮರ ಕೊಯ್ಯಲು ಬಂದ ನಾಲ್ಕು ವೆಲ್ಷ್ ಕುಟುಂಬಗಳು ಸೇರಿ ಈ ಚರ್ಚು ಕಟ್ಟಿದವು. ಕಟ್ಟಿ ಮುಗಿಸುವಷ್ಟರಲ್ಲಿ ಜಗಳವಾಡಿ ಮುಖ ತಿರುಗಿಸಿಕೊಂಡು, ಒಂದೊಂದು ಮನೆಯವರು ಒಂದೊಂದು ಮೂಲೆ ಹಿಡಿದರು ಎಂದು ಎಲ್ಲರೂ ನಗುತ್ತಾ ಹೇಳುತ್ತಿದ್ದರು. ಆ ಮನೆಗಳ ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಅಲ್ಲೇ ಕೂರುತ್ತಾರೆ. ಆಮೇಲೆ ಬಂದವರಿಗೆ ಕುರ್ಚಿಯೇ ಗತಿ. ಬೆಂಚಿಗೆ ಬರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ ನಿಜ, ಬಾ ಎಂದೂ ಕರೆದಿರಲಿಲ್ಲ. ರೀನಾಳಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು.

ಹಾಗಾಗಿ ಚರ್ಚಿನ ಈ ವರ್ಷದ ವಾರ್ಷಿಕೋತ್ಸವ ಮುಗಿದ ಮೇಲೆ ಆ ಜಗಳದ ಗುರುತಿನ ಬೆಂಚುಗಳನ್ನೆಲ್ಲ ಕಿತ್ತು ಹೊಸ ಕುರ್ಚಿ ಹಾಕೋಣ ಎಂದು ಆ ನಾಲ್ಕರಲ್ಲಿ ಒಂದು ಮನೆಯವಳೂ ಸಮಿತಿಯ ಹಿರಿಯಳೂ ಆದ ಗ್ಲೆನಿಸ್ ಪ್ರೈಸ್ ಹೇಳಿದಾಗ ಮೊದಲು ಕೈ ಎತ್ತಿದವಳು ರೀನಾಳೇ. ಪೀಡೆ ತೊಲಗಲಿ ಎಂದುಕೊಂಡಳು. ಉತ್ಸವಕ್ಕೆಂದು ಚರ್ಚಿನ ಚರಿತ್ರೆಯ ಪುಸ್ತಿಕೆ ಬರೆಯುವ ಕೆಲಸವೂ ಅವಳ ತಲೆಗೇ ಬಿತ್ತು. ಚರ್ಚಿನ ತಗಡಿನ ಪೆಟ್ಟಿಗೆಯಲ್ಲಿದ್ದ ಹಳೆಯ ಪುಸ್ತಕವೊಂದನ್ನು ಮನೆಗೆ ತಂದಳು. ಈಗಿರುವವರಲ್ಲಿ ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲ. ಒಳಗೆಲ್ಲ ಬಿಡಿ ಬಿಡಿ ಅಕ್ಷರ, ಚುಕ್ಕೆ, ಗೆರೆ. ನೋಡಿದ್ದೇ ತಡ, ರೀನಾಳ ಕೈ ನಿಂತುಬಿಟ್ಟಿತು.

"ಇಲ್ಲಿ ನೋಡಿ," ಎಂದು ಗಂಡ ಡೇನಿಯಲ್‌ನನ್ನು ಕರೆದಳು. "ಅಪ್ಪ ಮುಲ್ಕಿಯಲ್ಲಿ ಚರ್ಚಿನ ಕ್ವಾಯರ್‌ಗೆ ಹಾಡು ಬರೀತಿದ್ದ ಹಾಗೇ ಉಂಟು."

"ಎಂತ, ಸೋಲ್ಫಾವಾ?" ಡೇನಿಯಲ್ ಊಟದ ತಟ್ಟೆ ಹಿಡಿದೇ ಬಂದ.

ನಮ್ಮ ಸರಿಗಮದಂಥ ಡೋ, ರೇ, ಮಿ ಸ್ವರಗಳ ಮೊದಲಕ್ಷರದಲ್ಲಿ ಹಾಡು ಬರೆಯುವ ಪದ್ಧತಿ ಅದು. ರೀನಾ ಓದು ಕಲಿಯುವ ಮೊದಲೇ ಅದನ್ನು ಕಲಿತವಳು. ಪ್ರತಿ ಹಾಡಿಗೂ ನಾಲ್ಕು ಸಾಲು, ಹೆಂಗಸರ ತೆಳು, ದಪ್ಪ ದನಿ, ಗಂಡಸರ ತೆಳು, ದಪ್ಪ ದನಿ ಎಂದು ನಾಲ್ಕು ಬಗೆಯ ಕಂಠಗಳಿಗೆ. ಮೊದಲ ಹಾಡಿನ ಕೆಳಗೆ ಯಾರು ಯಾವ ಮೂಲೆಯಲ್ಲಿ ಕೂರಬೇಕು ಎಂಬ ಪಟ್ಟಿಯಿತ್ತು.

"ಪ್ರೈಸ್ ದೊರೆ ಒಂದು ಮೂಲೆಯಲ್ಲಿ, ಹೆಂಡತಿ ಇನ್ನೊಂದರಲ್ಲಿ," ರೀನಾ ಬೆರಳಿಟ್ಟು ತೋರಿಸಿದಳು. " ಜಗಳ ಆದದ್ದು ಮನೆ ಮನೆಗಲ್ವಾ? ಗಂಡ ಹೆಂಡತಿ ಯಾಕೆ ಬೇರೆ ಬೇರೆ ಕೂತದ್ದು?"

"ಅವರಿಗೂ ಜಗಳ ಆಗಿರ್ಬೇಕು, ಮಾರಾಯ್ತಿ."

"ನಾಲ್ಕು ಮನೆಯಲ್ಲೂ ಒಟ್ಟಿಗೆಯಾ?"

ರೀನಾ ಪಟ್ಟಿಯನ್ನೂ ಹಾಡಿನ ನಾಲ್ಕು ಸಾಲುಗಳನ್ನೂ ಹೋಲಿಸಿ ನೋಡಿದಳು. ಜಗಳ ಆಗಿರಲೇ ಇಲ್ಲ. ಅವರು ಕಂಠ ನೋಡಿ ಕೂತಿದ್ದರು, ಒಬ್ಬರ ಹಾಡು ಒಬ್ಬರಿಗೆ ಕೇಳಲಿ ಎಂದು ಎದುರು ಬದುರಾಗಿ. ಆಮೇಲೆ, ಕೊನೆಯ ಪುಟದ ಟಿಪ್ಪಣಿಯಂತೆ, ಚರ್ಚಿಗೆ ಆರ್ಗನ್ ವಾದ್ಯ ಬಂತು, ನಾಲ್ಕು ಕಂಠದ ಹಾಡು ನಿಂತಿತು, ಮನೆಯವರೆಲ್ಲ ಒಂದು ಕಡೆ ಸೇರಿದರು. ಬೆಂಚುಗಳ ಕಾರಣ ಮರೆತುಹೋಗಿ ಜಗಳದ ಕಥೆ ಹುಟ್ಟಿದ್ದು ಅದಾದ ಮೇಲೆ ಇರಬೇಕು. ತಾನೇ ಕೈ ಎತ್ತಿ ಕೀಳಿಸಲು ಹೊರಟಿದ್ದ ಬೆಂಚುಗಳು ಇವು! ರೀನಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮುಂದಿನ ಭಾನುವಾರ ಆರಾಧನೆ ಮುಗಿದದ್ದೇ ಅವಳು ಎದ್ದು ನಿಂತು ವಿಷಯ ಹೇಳಿದಳು.

ಗ್ಲೆನಿಸ್ ಹುಬ್ಬು ಗಂಟಿಕ್ಕಿದಳು. "ಎಂಬತ್ತೊಂದು ವರ್ಷ ಈ ಮೂಲೇಲಿ ಕೂತಿದೀನಿ. ನಮ್ಮ ಮನೆ ಕಥೆ ನನಗಿಂತ ನಿನಗೆ ಚೆನ್ನಾಗಿ ಗೊತ್ತಾ?"

"ಅರ್ಧ ಗಂಟೆ ಕೊಡಿ. ಹಾಡಿ ನೋಡೋಣ. ಆಮೇಲೂ ಬೇಡ ಅಂದ್ರೆ ಮೊದಲ ಬೆಂಚು ನಾನೇ ಕೀಳ್ತೀನಿ."

ಇದ್ದ ಇಪ್ಪತ್ತಾರು ಜನರ ಕಂಠ ಕೇಳಿ ಕೇಳಿ ಎಬ್ಬಿಸಿದಳು, ಮೂಲೆ ಬದಲಿಸಿದಳು. ಕುರ್ಚಿಯವರನ್ನೂ ಬಿಡಲಿಲ್ಲ. ಡೇನಿಯಲ್ ಹೋಗಿ ಇನ್ನೊಂದು ಹಳೆಯ ಮನೆತನವಾದ ಹ್ಯೂಸ್ ಮನೆಯ ಮುದುಕರ ನಡುವೆ ನಿಂತ. ಎಂಟೇ ಸಾಲಿನ ಹಾಡು, ಚರ್ಚು ತೆರೆದ ದಿನ ಹಾಡಿದ್ದು. ಒಂದೊಂದು ಮೂಲೆಗೂ ಹೋಗಿ ಅವರವರ ಸ್ವರ ಕಲಿಸಿ, ತನ್ನ ಕುರ್ಚಿಯ ಬಳಿ ನಿಂತು ಕೈ ಬೀಸಿದಳು. ಮೊದಲ ಸಲ ಗದ್ದಲವೋ ಗದ್ದಲ. ಎರಡನೆಯ ಸಲ ನಾಲ್ಕು ಮೂಲೆಯ ದನಿ ನಡುವೆ ಬಂದು ಕೂಡಿಕೊಂಡಿತು. ರೀನಾಳ ಕಣ್ಣು ತುಂಬಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ.

ಗ್ಲೆನಿಸ್ ಒಬ್ಬಳೇ ತನ್ನ ಮೂಲೆ ಬಿಟ್ಟಿರಲಿಲ್ಲ, ಹಾಡಿರಲೂ ಇಲ್ಲ. ಈಗ ಎದ್ದು ಬಂದು, ರೀನಾಳ ಕೈಯಲ್ಲಿದ್ದ ಪಟ್ಟಿಯಲ್ಲಿ ತನ್ನ ಮುತ್ತಜ್ಜಿಯ ಹೆಸರಿನ ಮೇಲೆ ಬೆರಳಿಟ್ಟಳು.

"ಇವಳದು ಯಾವ ಮೂಲೆ?"

"ಕಿಟಕಿ ಕಡೇದು. ದಪ್ಪ ದನಿ ಹೆಂಗಸರದ್ದು."

"ನನ್ನ ದನಿನೂ ದಪ್ಪ. ಇಷ್ಟು ವರ್ಷ ಸುಮ್ನೆ ಮೇಲಿನ ಸ್ವರಕ್ಕೆ ಗಂಟಲು ಹರ್ಕೊಂಡೆ." ಗ್ಲೆನಿಸ್ ಹಾಡಿನ ಪುಸ್ತಕ ಎತ್ತಿಕೊಂಡು ಕಿಟಕಿಯ ಕಡೆ ನಡೆದಳು. ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. "ನಿನ್ನದೂ ಇದೇ ದನಿ ಅಲ್ವಾ? ಅಲ್ಲೇನು ಮಾಡ್ತಿದೀಯ? ಬಾ."

ರೀನಾ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿದಳು. ಬೆಂಚು ಗಟ್ಟಿಯಾಗಿತ್ತು, ತಣ್ಣಗಿತ್ತು. ಅವಳು ಬೆನ್ನು ಆನಿಸಿ ನೆಟ್ಟಗೆ ಕೂತಳು.